ನೆಲ ಕಾಣದವರು ಮಾಡಿದ ಊರುಗೋಲು



ಕೈಕಸುಬಿಗೂ ಬದುಕಿಗೂ ಇರುವ ನಂಟನ್ನು ಕುರಿತು ವರ್ಷಕ್ಕೊಂದು ಉಪನ್ಯಾಸ ನಡೆಯಬೇಕು ಎಂಬುದು ಈ ದತ್ತಿಯ ಆಶಯ. ನೇಯ್ಗೆ, ಎರಕ, ಗಂಧದ ಕೆತ್ತನೆ ಇವುಗಳ ಬಗ್ಗೆ ತಿಳಿದವರ ಮಾತನ್ನು ನೀವು ಕೇಳಿದ್ದೀರಿ. ಇಂದು ನಿಮ್ಮನ್ನು ತುಸು ದೂರ, ಅಮೆರಿಕದ ಈಶಾನ್ಯ ಕರಾವಳಿಗೆ ಕರೆದುಕೊಂಡು ಹೋಗಲು ಅನುಮತಿ ಕೇಳುತ್ತೇನೆ. ಹತ್ತೊಂಬತ್ತನೆಯ ಶತಮಾನದಲ್ಲಿ ತಿಮಿಂಗಿಲ ಬೇಟೆಯ ಹಡಗುಗಳಲ್ಲಿ ದುಡಿಯುತ್ತಿದ್ದ ನಾವಿಕರು ತಿಮಿಂಗಿಲದ ಮೂಳೆಯಿಂದಲೂ ಹಲ್ಲಿನಿಂದಲೂ ಮಾಡಿದ ಊರುಗೋಲುಗಳು ನನ್ನ ವಿಷಯ.

ಈ ವಸ್ತು ನನ್ನನ್ನು ಹಿಡಿದದ್ದು ಒಂದು ಪ್ರಶ್ನೆಯ ಮೂಲಕ. ಹಡಗಿನ ಮೇಲೆ ಊರುಗೋಲು ಯಾರಿಗೆ ಬೇಕು? ಅಲೆಗೆ ಹೊಯ್ದಾಡುವ ಹಲಗೆಯ ಮೇಲೆ ಕೋಲೂರಿ ನಡೆಯಲಾಗದು. ಅಲ್ಲಿ ನಾವಿಕನಿಗೆ ಬೇಕಾದದ್ದು ಹಗ್ಗ ಹಿಡಿಯಲು ಎರಡು ಬಿಡುವಾದ ಕೈ. ಸುತ್ತ ಸಾವಿರ ಮೈಲಿ ನೀರು; ಊರೂ ಇಲ್ಲ, ಊರಲು ನೆಲವೂ ಇಲ್ಲ. ಹಾಗಿದ್ದೂ ಅವನು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಕೂತು ಒಂದು ಕೋಲನ್ನು ಅರದಿಂದ ಉಜ್ಜಿ ಉಜ್ಜಿ ನುಣುಪು ಮಾಡಿದ್ದಾನೆ. ಆ ಕೋಲಿನ ಪ್ರತಿ ಅಂಗುಲವೂ ಅವನು ಇಲ್ಲದ ಜಾಗವನ್ನು, ಅಂದರೆ ನೆಲವನ್ನು ನೆನೆಯುತ್ತದೆ ಎಂದು ನನಗೆ ತೋರುತ್ತದೆ. ಇಂದು ನಾನು ಹೇಳಬೇಕೆಂದಿರುವುದರ ತಿರುಳು ಇಷ್ಟೆ.

ಮೊದಲು ಆ ಮೂಳೆ ಮತ್ತು ಹಲ್ಲು ಎಲ್ಲಿಂದ ಬಂತು ಎಂಬುದನ್ನು ನೋಡೋಣ. ಬಳಿಕ ಕೋಲನ್ನು ಮಾಡುತ್ತಿದ್ದ ಬಗೆ, ಅದರ ಹಿಡಿಗೆ ಅವರು ಕೊಟ್ಟ ರೂಪಗಳು. ಕೊನೆಗೆ, ಅವು ದಡಕ್ಕೆ ಬಂದ ಮೇಲೆ ಏನಾದವು, ಇಂದು ಅವನ್ನು ನಾವು ಹೇಗೆ ನೋಡಬೇಕು ಎಂಬ ವಿಚಾರ.

ನ್ಯಾಂಟುಕೆಟ್ ಎಂಬುದು ಮಸಾಚುಸೆಟ್ಸ್ ಕರಾವಳಿಯಾಚೆಯ ಒಂದು ಸಣ್ಣ ಮರಳು ದ್ವೀಪ. ಒಂದು ಕಾಲಕ್ಕೆ ಜಗತ್ತಿನ ತಿಮಿಂಗಿಲ ಬೇಟೆಯ ರಾಜಧಾನಿ ಅದೇ ಆಗಿತ್ತು. ಹಡಗುಗಳು ದೊಡ್ಡವಾಗುತ್ತ ಹೋದಂತೆ ಬಂದರಿನ ಬಾಯಲ್ಲಿದ್ದ ಮರಳುದಿಬ್ಬವನ್ನು ದಾಟುವುದು ಅವಕ್ಕೆ ಕಷ್ಟವಾಯಿತು. ವ್ಯವಹಾರ ನಿಧಾನವಾಗಿ ಮುಖ್ಯಭೂಮಿಯ ನ್ಯೂ ಬೆಡ್‌ಫರ್ಡ್‌ಗೆ ಸರಿಯಿತು. 1857ರಲ್ಲಿ ಆ ಒಂದೇ ಊರಿಗೆ ಸೇರಿದ 329 ಬೇಟೆಹಡಗುಗಳಿದ್ದವು. ಅಮೆರಿಕದ ಮನೆಗಳಲ್ಲಿ, ಲಂಡನ್ನಿನ ಬೀದಿಗಳಲ್ಲಿ, ಸಮುದ್ರತೀರದ ದೀಪಸ್ತಂಭಗಳಲ್ಲಿ ಉರಿದದ್ದು ತಿಮಿಂಗಿಲದ ಎಣ್ಣೆ. ಗಿರಣಿಗಳ ಚಕ್ರ ಸವೆಯದಂತೆ ಕಾಪಾಡಿದ್ದೂ ಅದೇ ಎಣ್ಣೆ.

ಎಲ್ಲ ತಿಮಿಂಗಿಲಗಳಲ್ಲೂ ಬೇಟೆಗಾರರು ಹೆಚ್ಚು ಬೆಲೆ ಕಟ್ಟಿದ್ದು ಸ್ಪರ್ಮ್ ತಿಮಿಂಗಿಲಕ್ಕೆ. ಹಲ್ಲುಳ್ಳ ಪ್ರಾಣಿಗಳಲ್ಲಿ ಜಗತ್ತಿನಲ್ಲೇ ಅತಿ ದೊಡ್ಡದು ಇದು. ಗಂಡು 16 ಮೀಟರ್ ಉದ್ದ ಬೆಳೆಯುತ್ತದೆ. ಸಾವಿರ ಮೀಟರಿಗೂ ಆಳಕ್ಕೆ ಮುಳುಗಿ ಒಂದು ಗಂಟೆ ಉಸಿರು ಹಿಡಿದಿರಬಲ್ಲದು. ಅದರ ದೊಡ್ಡ ತಲೆಯೊಳಗೆ ಮೇಣದಂಥ ಎಣ್ಣೆ ತುಂಬಿರುತ್ತದೆ. ದೊಡ್ಡ ಗಂಡಿನಲ್ಲಿ ಅದು ಸಾವಿರ ಲೀಟರನ್ನೂ ಮೀರಬಹುದು. ಹೊಗೆಯಿಲ್ಲದೆ ಉರಿಯುವ ಮೇಣದಬತ್ತಿಗಾಗಿ ಆ ತಲೆಯನ್ನು ಕಡಿದರು. ನಮ್ಮ ವಿಷಯಕ್ಕೆ ಬೇಕಾದದ್ದು ಅದರ ಕೆಳದವಡೆ. ಮೇಲ್ದವಡೆಯ ಹಲ್ಲುಗಳು ಸಾಮಾನ್ಯವಾಗಿ ವಸಡಿನಿಂದ ಹೊರಗೆ ಬರುವುದೇ ಇಲ್ಲ. ಕೆಳದವಡೆ ಮಾತ್ರ ಉದ್ದಕ್ಕೆ, ಕಿರಿದಾಗಿ, ದೋಣಿಯ ಅಡಿಮರದಂತೆ ಚಾಚಿಕೊಂಡಿರುತ್ತದೆ. ಅದರ ಎರಡೂ ಬದಿಯಲ್ಲಿ ಇಪ್ಪತ್ತು ಇಪ್ಪತ್ತೈದು ಹಲ್ಲುಗಳ ಸಾಲು. ಒಂದೊಂದು ಹಲ್ಲೂ ಅಂಗೈ ತುಂಬುವಷ್ಟು ದಪ್ಪ. ದೊಡ್ಡವು ಒಂದು ಕಿಲೋ ತೂಗುತ್ತವೆ.

ಬೇಟೆ ಮುಗಿದ ಮೇಲೆ ದವಡೆಯನ್ನು ಡೆಕ್ಕಿನ ಮೇಲೆ ಎಳೆದು ಹಾಕುತ್ತಿದ್ದರು. ಕೆಲವು ದಿನ ಬಿಟ್ಟರೆ ವಸಡು ಕೊಳೆತು ಸಡಿಲವಾಗುತ್ತದೆ. ಆಗ ಹಗ್ಗ, ರಾಟೆ ಹೂಡಿ ಹಲ್ಲು ಕೀಳುತ್ತಿದ್ದರು. ಎಣ್ಣೆ ಹಡಗಿನ ಮಾಲೀಕನದು. ಹಲ್ಲು, ಮೂಳೆಗಳಿಗೆ ಪೇಟೆಯಲ್ಲಿ ಹೆಚ್ಚಿನ ಬೆಲೆ ಇರಲಿಲ್ಲವಾದ್ದರಿಂದ ಅವು ಹಡಗಿನವರ ಪಾಲಿಗೆ ಬರುತ್ತಿದ್ದವು. ಊರುಗೋಲಿನ ಉದ್ದನೆಯ ಕಾಂಡ ಹುಟ್ಟುವುದು ಈ ದವಡೆಯ ಹಿಂಬದಿಯ ಅಗಲವಾದ, ಗಟ್ಟಿಯಾದ ಮೂಳೆಯಿಂದ. ಹಿಡಿ ಹುಟ್ಟುವುದು ಹಲ್ಲಿನಿಂದ. ಒಂದೇ ಪ್ರಾಣಿಯ ಒಂದೇ ದವಡೆಯಿಂದ ಇಡೀ ಕೋಲು ಸಿಕ್ಕಿಬಿಡುತ್ತಿತ್ತು.

ಹಲ್ಲುಗಳಿಗೆ ಎಂದೂ ಬೆಲೆ ಇರಲಿಲ್ಲ ಎಂದು ಹೇಳಿದರೆ ತಪ್ಪಾಗುತ್ತದೆ. ಇಲ್ಲಿ ಒಂದು ಸಂಗತಿಯನ್ನು ಸೇರಿಸಬೇಕು, ಗಂಧದ ನಾಡಿನವರಾದ ನಮಗೆ ಅದು ಹತ್ತಿರದ್ದು. ಪೆಸಿಫಿಕ್ ಸಾಗರದ ಫಿಜಿ ದ್ವೀಪಗಳಲ್ಲಿ ಸ್ಪರ್ಮ್ ತಿಮಿಂಗಿಲದ ಹಲ್ಲಿಗೆ ತಬುವಾ ಎನ್ನುತ್ತಾರೆ. ಮದುವೆ, ಸಾವು, ರಾಜಿ, ಕ್ಷಮಾಪಣೆ, ಎಲ್ಲಕ್ಕೂ ತಬುವಾ ಕೊಟ್ಟರೆ ಮಾತು ಪೂರ್ತಿಯಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಫಿಜಿಯ ಕಾಡುಗಳಲ್ಲಿ ಶ್ರೀಗಂಧದ ಜಾತಿಯ ಮರ ಇರುವುದು ಪರದೇಶಿ ವರ್ತಕರ ಕಣ್ಣಿಗೆ ಬಿತ್ತು. ಅವರು ತಿಮಿಂಗಿಲದ ಹಲ್ಲು ಕೊಟ್ಟು ಗಂಧ ತುಂಬಿಕೊಂಡರು, ಆ ಗಂಧವನ್ನು ಚೀನಾದಲ್ಲಿ ಮಾರಿದರು. ಹತ್ತು ಹನ್ನೆರಡು ವರ್ಷಗಳಲ್ಲಿ ಫಿಜಿಯ ಗಂಧ ಮುಗಿದೇ ಹೋಯಿತು. ಪೆಸಿಫಿಕ್ ದ್ವೀಪಗಳಲ್ಲಿ ಹಲ್ಲಿಗಿದ್ದ ಈ ಬೆಲೆಯ ವಿಷಯವನ್ನು ಅಮೆರಿಕದ ನೌಕಾಪಡೆಯ ಕಪ್ತಾನ ಡೇವಿಡ್ ಪೋರ್ಟರ್ 1815ರಲ್ಲಿ ತನ್ನ ಪ್ರವಾಸದ ಪುಸ್ತಕದಲ್ಲಿ ಬಹಿರಂಗವಾಗಿ ಬರೆದ. ಗುಟ್ಟು ರಟ್ಟಾದ ಮೇಲೆ ಎಲ್ಲರೂ ಹಲ್ಲು ಒಯ್ದರು, ಬೆಲೆ ಇಳಿಯಿತು. ನಾವಿಕರ ಕೈಯಲ್ಲಿ ಚಿತ್ರ ಕೊರೆಯಲು ಹಲ್ಲು ಧಾರಾಳವಾಗಿ ಉಳಿಯತೊಡಗಿದ್ದು ಆ ನಂತರದ ವರ್ಷಗಳಲ್ಲಿ. ಒಂದು ಕಲೆ ಬೆಳೆಯುವುದಕ್ಕೆ ಎಲ್ಲೋ ದೂರದ ಪೇಟೆಯ ಏರಿಳಿತವೂ ಕಾರಣವಾಗುತ್ತದೆ ಎಂಬುದನ್ನು ಕಲೆಯ ಚರಿತ್ರೆ ಬರೆಯುವವರು ಮರೆಯಬಾರದು.

ಈಗ ಎರಡನೆಯ ವಿಷಯಕ್ಕೆ ಬರುತ್ತೇನೆ. ಈ ಕಸುಬಿಗೆ ಸ್ಕ್ರಿಮ್‌ಶಾ ಎಂದು ಹೆಸರು. ಪದದ ಮೂಲ ಯಾವುದೆಂದು ನಿಘಂಟುಕಾರರು ಇಂದಿಗೂ ಒಮ್ಮತಕ್ಕೆ ಬಂದಿಲ್ಲ. 1826ರ ಒಂದು ಬೇಟೆಹಡಗಿನ ದಿನಚರಿ ಪುಸ್ತಕದಲ್ಲಿ ಅದರ ಒಂದು ರೂಪ ಸಿಗುತ್ತದೆ: ಅಂದು ಮಂಜು ಕವಿದಿತ್ತು, ಎಲ್ಲರೂ ಈ ಕೆಲಸದಲ್ಲಿ ತೊಡಗಿದ್ದರು ಎಂಬರ್ಥದ ಬರಹ ಅದು. ಸ್ಕ್ರಿಮ್‌ಶಾ ಎಂದರೆ ಹಲ್ಲಿನ ಮೇಲೆ ಗೀರಿದ ಹಡಗಿನ ಚಿತ್ರ ಎಂದೇ ಇಂದು ಬಹಳ ಜನ ತಿಳಿಯುತ್ತಾರೆ. ನಾವಿಕರ ಬಾಯಲ್ಲಿ ಅದರ ವ್ಯಾಪ್ತಿ ದೊಡ್ಡದು. ತಿಮಿಂಗಿಲದ ಮೂಳೆ, ಹಲ್ಲು, ಬಲೀನ್ ಇವುಗಳಿಂದ ಕೊರೆದ, ಕೆತ್ತಿದ, ಜೋಡಿಸಿದ ಎಲ್ಲವೂ ಅದರೊಳಗೆ ಸೇರುತ್ತಿತ್ತು. ಬಲೀನ್ ಎಂದರೆ ಹಲ್ಲಿಲ್ಲದ ತಿಮಿಂಗಿಲಗಳ ಬಾಯಲ್ಲಿ ಬಾಚಣಿಗೆಯ ಹಾಗೆ ಇಳಿಬಿದ್ದಿರುವ ಕಪ್ಪನೆಯ ಬಾಗುವ ಪಟ್ಟಿಗಳು, ಉಗುರಿನಂಥ ವಸ್ತು. ಆ ಕಾಲದ ಕೊಡೆಯ ಕಡ್ಡಿಗಳನ್ನು ಅದರಿಂದಲೇ ಮಾಡುತ್ತಿದ್ದರು.

ಈ ಕಲೆ ಬೇಟೆಹಡಗುಗಳಲ್ಲೇ ಏಕೆ ಬೆಳೆಯಿತು, ಸರಕು ಸಾಗಿಸುವ ಹಡಗುಗಳಲ್ಲಿ ಏಕೆ ಅಷ್ಟಾಗಿ ಬೆಳೆಯಲಿಲ್ಲ? ಉತ್ತರ ಆಳುಗಳ ಲೆಕ್ಕದಲ್ಲಿದೆ. ಬೇಟೆಹಡಗಿನಲ್ಲಿ ಮೂವತ್ತು ಮೂವತ್ತೈದು ಜನ ಇರುತ್ತಿದ್ದರು. ಹಾಯಿ ನಡೆಸಲು ಅಷ್ಟು ಜನ ಬೇಡ. ತಿಮಿಂಗಿಲ ಕಂಡೊಡನೆ ನಾಲ್ಕೈದು ಸಣ್ಣ ದೋಣಿಗಳನ್ನು ನೀರಿಗಿಳಿಸಬೇಕು, ಒಂದೊಂದಕ್ಕೆ ಆರು ಜನ ಬೇಕು. ಅದಕ್ಕಾಗಿ ಆ ಜನ. ತಿಮಿಂಗಿಲ ಕಾಣದ ದಿನ ಅಷ್ಟೂ ಕೈಗಳು ಖಾಲಿ. ಕೂವೆಕಂಬದ ತುದಿಯಲ್ಲಿ ಇಬ್ಬರು ನೀರನ್ನೇ ದಿಟ್ಟಿಸುತ್ತಿದ್ದರು, ಉಳಿದವರು ಕಾಯುತ್ತಿದ್ದರು. ವಾರ ಕಳೆದರೂ, ತಿಂಗಳು ಕಳೆದರೂ ಒಂದೂ ಕಾಣದೆ ಹೋಗುವುದಿತ್ತು. ಯಾನ ಮೂರು ವರ್ಷ, ನಾಲ್ಕು ವರ್ಷ ಹಿಡಿಯುತ್ತಿತ್ತು. ಕೂಲಿಯ ಪದ್ಧತಿಯೂ ಬೇರೆ: ತಿಂಗಳ ಸಂಬಳ ಇಲ್ಲ, ಒಟ್ಟು ಗಳಿಕೆಯಲ್ಲಿ ಪಾಲು. ಹೊಸಬನಿಗೆ 175ರಲ್ಲಿ ಒಂದು, 200ರಲ್ಲಿ ಒಂದು ಪಾಲು ಸಿಗುತ್ತಿತ್ತು. ಹಡಗಿನ ಉಗ್ರಾಣದಿಂದ ಪಡೆದ ಬಟ್ಟೆ, ತಂಬಾಕಿನ ಸಾಲ ಅದರಲ್ಲೇ ಮುರಿದುಹೋಗುತ್ತಿತ್ತು. ನಾಲ್ಕು ವರ್ಷ ದುಡಿದು ಬರಿಗೈಯಲ್ಲಿ ಇಳಿದವರು ಎಷ್ಟೋ ಜನ. ಅವರ ಕೈಯಲ್ಲಿ ಉಳಿದದ್ದು ತಾವೇ ಮಾಡಿಕೊಂಡ ಒಂದು ವಸ್ತು ಮಾತ್ರ. ಹೀಗಾಗಿ ಅದರ ಮೇಲೆ ಅವರಿಟ್ಟ ಪ್ರೀತಿ ಅರ್ಥವಾಗುತ್ತದೆ.

ಕೋಲನ್ನು ಮಾಡುವ ಬಗೆಯನ್ನು ಹಂತಹಂತವಾಗಿ ನೋಡೋಣ. ದವಡೆಯ ಮೂಳೆಯಿಂದ ಮೊದಲು ಗರಗಸದಲ್ಲಿ ಚೌಕನೆಯ ಉದ್ದ ತುಂಡನ್ನು ಸೀಳಿ ತೆಗೆಯಬೇಕು. ಮೂರು ಅಡಿ ಉದ್ದಕ್ಕೂ ಬಿರುಕಿಲ್ಲದ, ನೇರವಾದ ತುಂಡು ಸಿಗುವುದೇ ಒಂದು ಅದೃಷ್ಟ. ಮೂಳೆಯ ಹೊರಮೈ ಗಟ್ಟಿ, ಒಳಗು ಸ್ಪಂಜಿನ ಹಾಗೆ ರಂಧ್ರಮಯ; ರಂಧ್ರದ ಭಾಗ ಬಂದರೆ ಕೋಲು ಮುರಿಯುತ್ತದೆ. ಚೌಕದ ಮೂಲೆಗಳನ್ನು ಕೆತ್ತಿ ಎಂಟು ಮುಖ ಮಾಡುತ್ತಾರೆ, ಆಮೇಲೆ ಗುಂಡಗೆ ತರುತ್ತಾರೆ. ಮೇಲೆ ಸುಮಾರು ಒಂದು ಅಂಗುಲ ದಪ್ಪ, ಕೆಳಗಿಳಿದಂತೆ ಸಪೂರ. ಬಳಸಿದ ಹತಾರಗಳು ಹಡಗಿನಲ್ಲಿ ಬೇರೆ ಕೆಲಸಕ್ಕೆಂದು ಇದ್ದವೇ: ಜೇಬಿನ ಚಾಕು, ಹಾಯಿ ಹೊಲಿಯುವ ಸೂಜಿ, ಅರ, ಉಳಿ. ಎಣ್ಣೆ ತುಂಬುವ ಪೀಪಾಯಿಗಳನ್ನು ಕಟ್ಟಲು ಒಬ್ಬ ಕುಶಲ ಕೆಲಸಗಾರ ಪ್ರತಿ ಹಡಗಿನಲ್ಲೂ ಇರುತ್ತಿದ್ದ, ಬಡಗಿಯೂ ಇರುತ್ತಿದ್ದ. ಒಳ್ಳೆಯ ಕೋಲುಗಳಲ್ಲಿ ಹಲವು ಇಂಥವರ ಕೈಯಿಂದ ಬಂದಿರಬೇಕೆಂದು ಕೆಲಸದ ಅಚ್ಚುಕಟ್ಟೇ ಹೇಳುತ್ತದೆ. ಕೆಲವು ಹಡಗುಗಳಲ್ಲಿ ಸಣ್ಣ ಲೇತ್ ಕೂಡ ಇತ್ತು. ಉಜ್ಜಲು ಒಣಗಿಸಿದ ಶಾರ್ಕ್ ಮೀನಿನ ಚರ್ಮ. ಅದು ನಮ್ಮ ಉಪ್ಪುಕಾಗದದ ಕೆಲಸ ಮಾಡುತ್ತದೆ. ಕೊನೆಯ ಹೊಳಪಿಗೆ ಬೂದಿ, ಬಟ್ಟೆ, ಅಂಗೈ.

ಕಾಂಡದ ಮೇಲಿನ ಮೂರನೆಯ ಒಂದು ಭಾಗದಲ್ಲಿ ಕೆತ್ತನೆಯ ಸಂಪತ್ತೆಲ್ಲ ಸೇರಿರುತ್ತದೆ. ಹುರಿ ಹೊಸೆದ ಹಗ್ಗದಂತೆ ಸುತ್ತುವ ಸುರುಳಿ, ಉದ್ದುದ್ದಕ್ಕೆ ಇಳಿಯುವ ಗೀರುಗಾಲುವೆಗಳು, ಅಡ್ಡಡ್ಡ ಗೆರೆ ಹಾಯ್ದು ಮೂಡುವ ವಜ್ರಾಕಾರದ ಚೌಕುಳಿ. ಕೆಳಗಿನ ಭಾಗವನ್ನು ಬರಿದಾಗಿ ಬಿಡುತ್ತಾರೆ. ಕಾಂಡಕ್ಕೂ ಹಿಡಿಗೂ ನಡುವೆ ಕಪ್ಪು ಬಲೀನ್, ಆಮೆಚಿಪ್ಪು, ಕರಿಮರ ಅಥವಾ ತೆಂಗಿನ ಚಿಪ್ಪಿನ ತೆಳುವಾದ ಬಿಲ್ಲೆಗಳನ್ನು ಪೋಣಿಸುತ್ತಾರೆ. ಬಿಳಿ, ಕಪ್ಪು, ಬಿಳಿ, ಕಪ್ಪು. ಹಿಡಿಯ ನೆತ್ತಿಗೆ ಕೆಲವರು ಬೆಳ್ಳಿಯ ನಾಣ್ಯ ಕೂರಿಸಿದ್ದಾರೆ, ಕೆಲವರು ಮುತ್ತಿನ ಹೊಳಪಿನ ಚಿಪ್ಪಿನ ಚೂರು. ತುದಿ ಸವೆಯದಿರಲು ಒನಕೆಗೆ ಅಣಸು ಹಾಕುವಂತೆ ಲೋಹದ ಒಂದು ಕಟ್ಟು. ಗೀರಿದ ಗೆರೆಗಳು ಕಾಣಲು ಅವಕ್ಕೆ ಮಸಿ ತುಂಬಬೇಕು. ಡೆಕ್ಕಿನ ಮೇಲೆಯೇ ಇಟ್ಟಿಗೆಯ ಒಲೆಯಲ್ಲಿ ಕೊಬ್ಬು ಕರಗಿಸಿ ಎಣ್ಣೆ ತೆಗೆಯುತ್ತಿದ್ದರು. ಆ ಒಲೆಯ ಮಸಿ, ದೀಪದ ಕಾಡಿಗೆ, ಎರಡೂ ಕೈಗೆ ಸಿಗುವಷ್ಟು ಹತ್ತಿರ ಇದ್ದವು. ತಿಮಿಂಗಿಲವನ್ನು ಬೇಯಿಸಿದ ಬೆಂಕಿಯ ಕಪ್ಪೇ ಅದರ ಮೂಳೆಯ ಗೆರೆಗಳಲ್ಲಿ ಕೂತಿದೆ ಎಂಬುದನ್ನು ನೆನೆದಾಗ ಮನಸ್ಸು ಭಾರವಾಗುತ್ತದೆ.

ತಿಮಿಂಗಿಲದ ಮೂಳೆಯಲ್ಲದ ಕೋಲುಗಳೂ ಇದ್ದವು. ಶಾರ್ಕ್ ಮೀನಿನ ಬೆನ್ನೆಲುಬಿನ ಮಣಿಗಳನ್ನು ಒಂದೊಂದಾಗಿ ಕಬ್ಬಿಣದ ಸರಳಿಗೆ ಪೋಣಿಸಿ ಬಿಗಿದ ಕೋಲುಗಳನ್ನು ಹಲವು ಸಂಗ್ರಹಾಲಯಗಳಲ್ಲಿ ನೋಡಬಹುದು. ದ್ವೀಪಗಳಲ್ಲಿ ಸಿಕ್ಕ ಗಟ್ಟಿಮರಕ್ಕೆ ಹಲ್ಲಿನ ಹಿಡಿ ಹಾಕಿದವೂ ಉಂಟು.

ಹಿಡಿಗಳ ಬಗ್ಗೆ ಈಗ ಸ್ವಲ್ಪ ನಿಧಾನವಾಗಿ ಮಾತಾಡಬೇಕು. ನನ್ನ ಮಟ್ಟಿಗೆ ಈ ಕಲೆಯ ಜೀವ ಇರುವುದು ಅಲ್ಲಿಯೇ.

ಬಹಳ ಸಲ ಕಾಣುವ ರೂಪ ಗಂಟಿನದು. ನಾವಿಕರು ಹಗ್ಗದಿಂದ ಕಟ್ಟುವ ಗಂಟುಗಳಲ್ಲಿ ಒಂದಕ್ಕೆ ತುರ್ಕರ ತಲೆ ಎಂದು ಹೆಸರು. ಮುಂಡಾಸು ಸುತ್ತಿದಂತೆ ಕಾಣುತ್ತದೆ, ಅದಕ್ಕೆ ಆ ಹೆಸರು. ಎಳೆ ಎಳೆಯಾಗಿ ಒಂದರಡಿ ಒಂದು ನುಸುಳುವ ಆ ಹಗ್ಗವನ್ನು ಹಲ್ಲಿನಲ್ಲಿ ಕೆತ್ತಿ ತೆಗೆದಿದ್ದಾರೆ. ಹಗ್ಗದ ಕೆಲಸದಲ್ಲಿ ಜೀವ ಸವೆಸಿದವನಿಗೆ ಮಾತ್ರ ಅದು ಸಾಧ್ಯ. ಕಲಿತ ಶಿಲ್ಪಿಯೊಬ್ಬ ಅದನ್ನು ನೋಡಿ ಮಾಡಬಲ್ಲ. ನಾವಿಕನಿಗೆ ಅದು ಬೆರಳಿಗೇ ಗೊತ್ತಿತ್ತು.

ಇನ್ನೊಂದು, ಮುಚ್ಚಿದ ಮುಷ್ಟಿ. ಮಡಚಿದ ಬೆರಳುಗಳು, ಉಗುರು, ಮಣಿಕಟ್ಟಿನಲ್ಲಿ ಅಂಗಿಯ ತೋಳಿನ ಅಂಚು, ಅದರಲ್ಲೊಂದು ಗುಂಡಿ. ಕೆಲವು ಮುಷ್ಟಿಗಳು ಹಗ್ಗದ ತುಂಡನ್ನೋ ಕೋಲನ್ನೋ ಹಿಡಿದಿವೆ, ಕೆಲವು ಹಾವನ್ನು ಹಿಡಿದಿವೆ. ಹಾವು ಮುಂಗೈಗೆ ಸುತ್ತಿ ಕಾಂಡದ ಮೇಲೂ ಇಳಿದುಬರುತ್ತದೆ. ಮಾದೇಶ್ವರನ ನಾಗಬೆತ್ತದ ಮಾತು ಕೇಳಿ ಬೆಳೆದ ನಮಗೆ ಇಂಥ ಕೋಲು ಕಂಡಾಗ ಒಂದು ಗುರುತಿನ ಭಾವ ಬರುವುದು ಸಹಜ. ಎರಡರ ಅರ್ಥಲೋಕ ಮಾತ್ರ ಬೇರೆ ಬೇರೆ. ಅಲ್ಲಿ ದೈವದ ಕೈಯ ಬೆತ್ತ, ಇಲ್ಲಿ ಕೂಲಿಯ ಕೈಯ ಕೋಲು. ಈ ಮುಷ್ಟಿ ಯಾರದು ಎಂದು ನಾನು ಬಹಳ ಯೋಚಿಸಿದ್ದೇನೆ. ಹಡಗಿನಲ್ಲಿ ಕನ್ನಡಿ ನೋಡಿ ತನ್ನ ಮುಖ ಕೆತ್ತಿಕೊಳ್ಳುವ ಅನುಕೂಲ ಇರಲಿಲ್ಲ. ಕಣ್ಣೆದುರು ಸದಾ ಇದ್ದದ್ದು ತನ್ನ ಎಡಗೈ. ಬಲಗೈಯಲ್ಲಿ ಚಾಕು ಹಿಡಿದು ಎಡಗೈಯನ್ನೇ ಮಾದರಿಯಾಗಿಟ್ಟು ಅವನು ಕೆತ್ತಿರಬಹುದು ಎಂದು ನನ್ನ ಊಹೆ. ಹಾಗಿದ್ದರೆ ಆ ಹಿಡಿ ಅವನ ಭಾವಚಿತ್ರವೇ ಸರಿ. ಆ ಕೋಲನ್ನು ಹಿಡಿದು ನಡೆದ ಪ್ರತಿಯೊಬ್ಬನೂ ಅವನ ಕೈಯನ್ನು ಹಿಡಿದು ನಡೆದಿದ್ದಾನೆ.

ನಾಯಿಯ ತಲೆ, ಹದ್ದಿನ ತಲೆ, ಬರಿಯ ಗುಂಡು, ಹಲ್ಲನ್ನು ಅಡ್ಡಲಾಗಿಟ್ಟ ಹಿಡಿ, ಹೆಣ್ಣಿನ ಕಾಲು, ಇವೂ ಇವೆ. ಹೆಣ್ಣಿನ ಕಾಲಿಗೆ ಬೂಟು ತೊಡಿಸಿ, ಲೇಸು ಕಟ್ಟಿ, ಅದಕ್ಕೆ ಕಪ್ಪು ಬಣ್ಣ ತುಂಬಿರುತ್ತಾರೆ. ವರ್ಷಗಟ್ಟಲೆ ಹೆಣ್ಣಿನ ಮುಖ ಕಾಣದ ಗಂಡಸರ ಲೋಕ ಅದು. ಅದನ್ನು ಮುಚ್ಚಿಡುವ ಅಗತ್ಯವಿಲ್ಲ.

ನಾವಿಕರು ಮನೆಗೆ ಒಯ್ದ ಉಡುಗೊರೆಗಳಲ್ಲಿ ಹೆಚ್ಚಿನವು ಹೆಂಗಸರಿಗಾಗಿ ಮಾಡಿದವು. ಕಡುಬಿನ ಅಂಚು ಕತ್ತರಿಸುವ ಚಕ್ರ, ನೂಲು ಸುತ್ತುವ ರಾಟೆ, ಹೊಲಿಗೆಪೆಟ್ಟಿಗೆ, ಕುಪ್ಪಸದ ಎದೆಗೆ ನೆಟ್ಟಗೆ ಸಿಕ್ಕಿಸುವ ಮೂಳೆಪಟ್ಟಿ. ಗಂಡಸರಿಗೆಂದು ಮಾಡಿದವುಗಳಲ್ಲಿ ಊರುಗೋಲೇ ಪ್ರಧಾನ. ತಂದೆಗೆ, ಮಾವನಿಗೆ, ಹಡಗಿನ ಮಾಲೀಕನಿಗೆ, ಅಥವಾ ತನಗೇ. ಆ ಕಾಲದಲ್ಲಿ ಅಮೆರಿಕದ ಗೃಹಸ್ಥ ಕೈಯಲ್ಲಿ ಕೋಲಿಲ್ಲದೆ ಬೀದಿಗಿಳಿಯುತ್ತಿರಲಿಲ್ಲ. ಕಾಲು ಗಟ್ಟಿಯಿದ್ದವನೂ ಹಿಡಿಯುತ್ತಿದ್ದ. ಹೊಲದಿಂದ ಓಡಿಬಂದ ಹುಡುಗ, ಕೇಪ್ ವರ್ಡ್ ದ್ವೀಪದ ಬಡವ, ಅಜೋರ್ಸ್ ದ್ವೀಪದವನು, ಗೇ ಹೆಡ್‌ನ ವಾಂಪನೋಗ್ ಬುಡಕಟ್ಟಿನವನು, ಗುಲಾಮಗಿರಿಯಿಂದ ತಪ್ಪಿಸಿಕೊಂಡ ಕರಿಯ, ಹವಾಯಿಯವನು, ಇವರೆಲ್ಲ ಒಂದೇ ಹಡಗಿನಲ್ಲಿ ದುಡಿಯುತ್ತಿದ್ದರು. ಕೋಲು ಹಿಡಿದು ಊರಿನ ಬೀದಿಯಲ್ಲಿ ನಡೆಯುವುದೆಂದರೆ ಅವರ ಪಾಲಿಗೆ ಒಂದು ಸ್ಥಾನಕ್ಕೆ ತಲುಪುವುದು. ಆರಂಭದಲ್ಲಿ ನಾನೆತ್ತಿದ ಪ್ರಶ್ನೆಗೆ ಉತ್ತರದ ಒಂದು ಭಾಗ ಇಲ್ಲಿದೆ. ಹಡಗಿನಲ್ಲಿ ಕೂತು ಕೋಲು ಮಾಡುತ್ತಿದ್ದವನು ತಾನು ಬದುಕಿ ದಡ ಸೇರುತ್ತೇನೆ, ಹಾಗೆ ನಡೆಯುತ್ತೇನೆ ಎಂದು ನಂಬಿದ್ದ.

ಎಲ್ಲರೂ ದಡ ಸೇರಲಿಲ್ಲ. ನ್ಯಾಂಟುಕೆಟ್ಟಿನ ಎಡ್ವರ್ಡ್ ಬರ್ಡೆಟ್ ಹಲ್ಲಿನ ಮೇಲೆ ಚಿತ್ರ ಕೊರೆದ ಅಮೆರಿಕನ್ನರಲ್ಲಿ ನಮಗೆ ಹೆಸರು ತಿಳಿದಿರುವ ಮೊದಲಿಗರಲ್ಲೊಬ್ಬ. ಅವನು 1805ರಲ್ಲಿ ಹುಟ್ಟಿದ. 1833ರಲ್ಲಿ ತಿಮಿಂಗಿಲಕ್ಕೆ ಎಸೆದ ಭರ್ಜಿಯ ಹಗ್ಗ ಅವನಿಗೇ ಸುತ್ತಿಕೊಂಡು ಸಮುದ್ರಕ್ಕೆ ಎಳೆದೊಯ್ಯಿತು. ವಯಸ್ಸು 28. ಅದೇ ದ್ವೀಪದ ಫ್ರೆಡರಿಕ್ ಮೈರಿಕ್ 1828 ಮತ್ತು 1829ರಲ್ಲಿ ಸೂಸನ್ ಎಂಬ ಹಡಗಿನಲ್ಲಿದ್ದಾಗ ಆ ಹಡಗಿನ ಚಿತ್ರವನ್ನು ಹಲ್ಲುಗಳ ಮೇಲೆ ಕೊರೆದು ಹೆಸರು, ತಾರೀಖು ಹಾಕಿದ. ಅಂಥ 30ಕ್ಕೂ ಹೆಚ್ಚು ಹಲ್ಲುಗಳು ಇಂದು ಉಳಿದಿವೆ. ಹರ್ಮನ್ ಮೆಲ್‌ವಿಲ್ 1841ರ ಜನವರಿಯಲ್ಲಿ ಅಕುಷ್ನೆಟ್ ಎಂಬ ಬೇಟೆಹಡಗು ಹತ್ತಿದ. ಹತ್ತು ವರ್ಷದ ಮೇಲೆ ಪ್ರಕಟಿಸಿದ ಮೋಬಿ ಡಿಕ್ ಕಾದಂಬರಿಯಲ್ಲಿ ಈ ಕಸುಬಿನ ವಿವರ ಕೊಟ್ಟ. ಆ ಕಾದಂಬರಿಯ ಕಪ್ತಾನ ಅಹಾಬ್ ಕಾಲು ಕಳೆದುಕೊಂಡು ತಿಮಿಂಗಿಲದ ದವಡೆಯ ಮೂಳೆಯಿಂದ ಮಾಡಿದ ಕೃತಕ ಕಾಲಿನ ಮೇಲೆ ಡೆಕ್ಕಿನಲ್ಲಿ ನಡೆಯುತ್ತಾನೆ. ತನ್ನನ್ನು ಕೆಡವಿದ ಪ್ರಾಣಿಯ ಜಾತಿಯದೇ ಮೂಳೆಯನ್ನು ಊರಿ ನಿಲ್ಲುವ ಆ ಮನುಷ್ಯನ ಚಿತ್ರಕ್ಕೂ ನಮ್ಮ ಊರುಗೋಲಿಗೂ ನಂಟಿದೆ. ಮೆಲ್‌ವಿಲ್ಲನಿಗೆ ಆ ಕಲ್ಪನೆ ಆಕಾಶದಿಂದ ಬಿದ್ದದ್ದಲ್ಲ, ದವಡೆಮೂಳೆಯನ್ನು ಕೆತ್ತುವವರ ನಡುವೆ ಅವನು ದಿನ ಕಳೆದಿದ್ದ.

ಹಲ್ಲು ಕೊರೆದವರಲ್ಲಿ ಕೆಲವರ ಹೆಸರಾದರೂ ನಮಗೆ ಸಿಕ್ಕಿದೆ. ಕೋಲು ಮಾಡಿದವರ ಹೆಸರು ಸಿಗುವುದು ತೀರ ಅಪರೂಪ. ಕೊಟ್ಟವನು ಕೊಟ್ಟ, ಪಡೆದವನು ನಡೆದ. ಹೆಸರು ಬರೆಯಬೇಕೆಂದು ಯಾರಿಗೂ ಅನಿಸಲಿಲ್ಲ. ಮನೆಯವರಿಗೆ ಗೊತ್ತೇ ಇತ್ತಲ್ಲ!

ಇನ್ನು ಕೊನೆಯ ವಿಷಯ. 1859ರಲ್ಲಿ ಪೆನ್ಸಿಲ್ವೇನಿಯಾದ ಟೈಟಸ್‌ವಿಲ್ ಎಂಬಲ್ಲಿ ನೆಲ ಕೊರೆದು ಕಲ್ಲೆಣ್ಣೆ ತೆಗೆದರು. ಸೀಮೆಎಣ್ಣೆ ಅಗ್ಗವಾಗಿ ಸಿಗತೊಡಗಿ ತಿಮಿಂಗಿಲದ ಎಣ್ಣೆಗೆ ಬೇಡಿಕೆ ಕುಗ್ಗಿತು. 1871ರಲ್ಲಿ ಅಲಾಸ್ಕಾದ ಉತ್ತರಕ್ಕೆ ಹೋಗಿದ್ದ 33 ಬೇಟೆಹಡಗುಗಳು ಹಿಮದಲ್ಲಿ ಸಿಕ್ಕಿಬಿದ್ದವು, ಅವನ್ನು ಅಲ್ಲೇ ಬಿಟ್ಟು ಬರಬೇಕಾಯಿತು. ಅವುಗಳಲ್ಲಿದ್ದ 1,200ಕ್ಕೂ ಹೆಚ್ಚು ಜನ ಮಾತ್ರ ಎಲ್ಲರೂ ಬದುಕಿ ಬಂದದ್ದು ಒಂದು ವಿಸ್ಮಯ. 1924ರ ಆಗಸ್ಟಿನಲ್ಲಿ ವಾಂಡರರ್ ಎಂಬ ಹಡಗು ನ್ಯೂ ಬೆಡ್‌ಫರ್ಡ್‌ನಿಂದ ಹೊರಟ ಮರುದಿನವೇ ಬಿರುಗಾಳಿಗೆ ಸಿಕ್ಕಿ ಬಂಡೆಗೆ ಬಡಿಯಿತು. ಆ ಹೊತ್ತಿಗಾಗಲೇ ಹಾಯಿಹಡಗಿನ ಬೇಟೆಯ ಕಾಲ ಮುಗಿಯುತ್ತ ಬಂದಿತ್ತು. 1841ರಲ್ಲಿ ನಿರ್ಮಾಣವಾಗಿ 37 ಯಾನ ಮಾಡಿದ ಚಾರ್ಲ್ಸ್ ಡಬ್ಲ್ಯು. ಮಾರ್ಗನ್ ಎಂಬ ಮರದ ಹಡಗು ಮಾತ್ರ ಕನೆಕ್ಟಿಕಟ್‌ನ ಮಿಸ್ಟಿಕ್ ಬಂದರಿನ ಸಂಗ್ರಹಾಲಯದಲ್ಲಿ ಇಂದಿಗೂ ನೀರಿನ ಮೇಲಿದೆ. ನ್ಯೂ ಬೆಡ್‌ಫರ್ಡ್ ತಿಮಿಂಗಿಲ ಸಂಗ್ರಹಾಲಯದಲ್ಲಿ ಸ್ಕ್ರಿಮ್‌ಶಾದ ಜಗತ್ತಿನ ಅತಿ ದೊಡ್ಡ ಸಂಗ್ರಹವಿದೆ. ವಿದ್ಯಾರ್ಥಿಗಳು ಎಂದಾದರೂ ಆ ಕಡೆ ಹೋದರೆ ತಪ್ಪದೆ ನೋಡಬೇಕು.

ಅಮೆರಿಕದ ಅಧ್ಯಕ್ಷ ಜಾನ್ ಕೆನಡಿ ಸ್ಕ್ರಿಮ್‌ಶಾ ಸಂಗ್ರಾಹಕರಾಗಿದ್ದರು. ಅಧ್ಯಕ್ಷರ ಮುದ್ರೆ ಕೊರೆದ ಒಂದು ಹಲ್ಲನ್ನು 1963ರಲ್ಲಿ ಅವರ ಪತ್ನಿ ಶವಪೆಟ್ಟಿಗೆಯಲ್ಲಿ ಇಡಿಸಿದರು. ಆ ಬಳಿಕ ಬೆಲೆ ಏರಿತು, ನಕಲಿಗಳೂ ಬಂದವು. ಅಚ್ಚಿನಲ್ಲಿ ಎರಕ ಹೊಯ್ದ ಪ್ಲಾಸ್ಟಿಕ್ಕಿನ ಹಲ್ಲುಗಳು, ಹೊಸದಾಗಿ ಮಾಡಿ ಹಳೆಯದೆನಿಸುವಂತೆ ಬಣ್ಣ ಕಟ್ಟಿದ ಕೋಲುಗಳು. ಗುರುತಿಸಲು ಭೂತಗನ್ನಡಿ ಬೇಕು. ನಿಜವಾದ ತಿಮಿಂಗಿಲ ಮೂಳೆಯ ಮೈಮೇಲೆ ಸೂಜಿಮೊನೆಯಷ್ಟು ಸಣ್ಣ ಕಪ್ಪು ಚುಕ್ಕೆಗಳೂ ಗೀರುಗಳೂ ಇರುತ್ತವೆ. ಜೀವಂತವಾಗಿದ್ದಾಗ ರಕ್ತ ಹರಿದ ನಾಳಗಳ ಗುರುತು ಅವು. ಹಲ್ಲಿನಲ್ಲಿ ಆ ಚುಕ್ಕೆಗಳಿಲ್ಲ, ಅದನ್ನು ಅಡ್ಡ ಕತ್ತರಿಸಿದರೆ ಹೊರಪದರ ಮತ್ತು ಒಳಪದರದ ನಡುವೆ ಸ್ಪಷ್ಟವಾದ ಬಳೆ ಕಾಣುತ್ತದೆ. ಆನೆದಂತದಲ್ಲಿ ಒಂದನ್ನೊಂದು ಕತ್ತರಿಸುವ ಬಾಗುಗೆರೆಗಳ ಬಲೆ ಇರುತ್ತದೆ. ಪ್ಲಾಸ್ಟಿಕ್ಕಿನಲ್ಲಿ ಇದಾವುದೂ ಇಲ್ಲ, ಗಾಳಿಗುಳ್ಳೆಗಳಿರಬಹುದು.

ಈ ಕೋಲುಗಳನ್ನು ಕೊಳ್ಳುವ, ಮಾರುವ ವ್ಯವಹಾರದ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಇವು ಸಂಗ್ರಹಾಲಯದಲ್ಲಿರಬೇಕು, ಪೇಟೆಯಲ್ಲಿ ಅಲ್ಲ. ಅಮೆರಿಕ 1972ರಲ್ಲಿ ಕಡಲ ಸಸ್ತನಿಗಳ ರಕ್ಷಣೆಗೆ, 1973ರಲ್ಲಿ ಅಳಿವಿನಂಚಿನ ಜೀವಿಗಳ ರಕ್ಷಣೆಗೆ ಕಾನೂನು ಮಾಡಿತು. ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗ 1979ರಲ್ಲಿ ಹಿಂದೂ ಮಹಾಸಾಗರವನ್ನು ತಿಮಿಂಗಿಲಗಳ ಅಭಯಧಾಮವೆಂದು ಸಾರಿತು. ವಾಣಿಜ್ಯ ಬೇಟೆಯನ್ನು ತಡೆಹಿಡಿಯಲು 1982ರಲ್ಲಿ ನಿರ್ಣಯಿಸಿತು, ಅದು 1986ರಿಂದ ಜಾರಿಗೆ ಬಂತು. ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಸ್ಪರ್ಮ್ ತಿಮಿಂಗಿಲವನ್ನು ಕಾಯುತ್ತದೆ. ತಿಮಿಂಗಿಲ ವಾಂತಿ ಎಂದು ನಮ್ಮ ಪತ್ರಿಕೆಗಳು ಕರೆಯುವ ಅಂಬರ್‌ಗ್ರಿಸ್ ಬೆಂಗಳೂರಿನಲ್ಲಿ, ಕರಾವಳಿಯಲ್ಲಿ ಪೊಲೀಸರ ಕೈಗೆ ಸಿಕ್ಕ ಸುದ್ದಿಗಳನ್ನು ನೀವು ಓದಿದ್ದೀರಿ. ಅದು ವಾಂತಿಯಲ್ಲ, ಇದೇ ಸ್ಪರ್ಮ್ ತಿಮಿಂಗಿಲದ ಕರುಳಿನಲ್ಲಿ ಹುಟ್ಟುವ ವಸ್ತು. ಈ ಪ್ರಾಣಿ ನಮಗೆ ಅಷ್ಟೊಂದು ದೂರದ್ದೇನಲ್ಲ. ಅಮೆರಿಕದ ಬೇಟೆಹಡಗುಗಳು ಹಿಂದೂ ಮಹಾಸಾಗರಕ್ಕೂ ಬಂದಿದ್ದವು.

ಕಚ್ಚಾವಸ್ತು ನಿಂತರೆ ಕಲೆ ಸಾಯುತ್ತದೆ ಎಂದು ಕೆಲವರು ವಾದಿಸುತ್ತಾರೆ. ನಾನು ಒಪ್ಪುವುದಿಲ್ಲ. ಸಾಗರ, ಸೊರಬದ ಗುಡಿಗಾರರು ಗಂಧದಂತೆ ದಂತದಲ್ಲೂ ಅಪೂರ್ವ ಕೆಲಸ ಮಾಡಿದವರು. ಭಾರತದ ಆನೆದಂತದ ವ್ಯಾಪಾರ 1986ರಲ್ಲಿ ನಿಷೇಧವಾಯಿತು, ಆಮದು ದಂತದ ವ್ಯಾಪಾರ 1991ರಲ್ಲಿ. ಅವರ ಉಳಿ ನಿಲ್ಲಲಿಲ್ಲ. ಕೈಯ ವಿದ್ಯೆ ಮರಕ್ಕೆ ಹೋಯಿತು, ಉಳಿಯಿತು. ಸಂಕಟ ಆಗಲಿಲ್ಲವೆಂದಲ್ಲ, ಅದನ್ನು ಆ ಮನೆತನಗಳೇ ಹೇಳಬೇಕು. ಆದರೂ ಪ್ರಾಣಿಯೂ ಉಳಿದು ಕಸುಬೂ ಉಳಿಯುವ ದಾರಿಯೊಂದು ಇದೆ ಎಂಬುದಕ್ಕೆ ನಮ್ಮ ಮಲೆನಾಡೇ ಸಾಕ್ಷಿ.

ಮಾತು ಮುಗಿಸುವ ಮೊದಲು ಒಂದು ಮನವಿ. ನಮ್ಮ ಹಳ್ಳಿಯ ಮನೆಯಲ್ಲಿ ತಲೆಬಾಗಿಲ ಹಿಂದೆ ನಮ್ಮ ತಾತನ ಕೋಲು ಒರಗಿರುತ್ತಿತ್ತು. ಹಿಡಿಯ ಜಾಗ ಅವರ ಅಂಗೈಗೆ ಸವೆದು ನುಣುಪಾಗಿತ್ತು. ಅದನ್ನು ಮಾಡಿಕೊಟ್ಟವರು ಯಾರು, ಯಾವ ಮರದ್ದು ಎಂದು ಅಜ್ಜಿಗೆ ಗೊತ್ತಿತ್ತು, ನಾವು ಕೇಳಲಿಲ್ಲ. ಈಗ ಕೋಲಿದೆ, ಹೇಳುವವರಿಲ್ಲ. ನ್ಯೂ ಬೆಡ್‌ಫರ್ಡ್‌ನ ಕೋಲುಗಳಿಗೆ ಆದದ್ದೂ ಇದೇ. ನಿಮ್ಮ ಮನೆಯ ಮೂಲೆಯಲ್ಲಿ, ಅಟ್ಟದಲ್ಲಿ ಅಂಥದೊಂದು ಕೋಲಿದ್ದರೆ ಇವತ್ತೇ ಹೋಗಿ ಹಿರಿಯರನ್ನು ಕೇಳಿ. ಯಾರದು, ಮಾಡಿದವರು ಯಾರು, ಯಾವ ಊರಿನವರು ಎಂದು ಒಂದು ಚೀಟಿಯಲ್ಲಿ ಬರೆದು, ಅದರ ಹಿಡಿಗೆ ದಾರದಿಂದ ಕಟ್ಟಿಡಿ.